ಸಣ್ಣ ಪ್ರಾಜೆಕ್ಟಿಗೆ ಯಾವ ಲಾಜಿಕ್ ಚಿಪ್ ತಗೋಬೇಕು: ಉದ್ಯಮಬಾಗದ ಒಂದು ಲೇಥ್ ಮುಂದ ಕುಂತು ಹಾಕಿದ ಲೆಕ್ಕ

ನಮ್ಮ ಕಾಕಾರದು ಬೆಳಗಾವಿ ಉದ್ಯಮಬಾಗದಾಗ ಸಣ್ಣ ವರ್ಕ್‌ಶಾಪ್ ಐತಿ, ಎರಡು ಲೇಥು, ಒಂದು ಡ್ರಿಲ್ಲಿಂಗ್ ಮಷೀನು, ಅಷ್ಟ. ಹೋದ ವರ್ಷ ಒಂದಿನ ಕರದು "ತಮ್ಮಾ, ಥ್ರೆಡ್ ಹಾಕಬೇಕಂದ್ರ ಪ್ರತಿ ಪಿಚ್ಚಿಗೂ ಗೇರ್ ಬಿಚ್ಚಿ ಗೇರ್ ಹಾಕಿ ಸಾಕಾಗೈತಿ, ನೀ ಎಲೆಕ್ಟ್ರಾನಿಕ್ಸ್ ಓದಿಯಲ್ಲ, ಇದಕ್ಕೇನರ ಮಾಡಾಕ ಬರ್ತೈತೇನ ನೋಡು" ಅಂದ್ರು. ಮಾಡಾಕ ಬರ್ತೈತಿ. ಸ್ಪಿಂಡಲ್‌ಗೆ ಒಂದು ಎನ್‌ಕೋಡರ್ (ತಿರಗೂದನ್ನ ಪಲ್ಸ್ ಮಾಡಿ ಹೇಳೂ ಸೆನ್ಸರ್), ಲೀಡ್‌ಸ್ಕ್ರೂಗೆ ಒಂದು ಸ್ಟೆಪ್ಪರ್ ಮೋಟರ್, ನಡುವ ಒಂದು ಚಿಪ್, ಸ್ಪಿಂಡಲ್ ಎಷ್ಟು ತಿರಗತೈತಿ ಅದರ ಲೆಕ್ಕಕ್ಕ ಸರಿಯಾಗಿ ಸ್ಟೆಪ್ಪರ್‌ಗೆ ಪಲ್ಸ್ ಕೊಡೂದು. ಕೆಲಸ ಇಷ್ಟ. ಆದ್ರ ಆ ನಡುವಿನ ಚಿಪ್ ಯಾವ್ದು ಅನ್ನೂದಕ್ಕ ನಾ ಎರಡು ತಿಂಗಳು ಕಳದೆ, ಒಂದೆರಡು ಚಿಪ್ ತಪ್ಪಾಗಿ ತರಿಸಿದೆ. ನಮ್ಮ ಕಡೆ ಡಿಪ್ಲೊಮಾ, ಬಿಇ ಹುಡುಗೂರು ಫೈನಲ್ ಇಯರ್ ಪ್ರಾಜೆಕ್ಟಿಗೆ ಇದ ಪ್ರಶ್ನೆ ಕೇಳ್ತಿರ್ತಾರ, ಅದಕ ಎಲ್ಲಾ ಒಂದ ಕಡೆ ಬರದಿಡಾಕತ್ತೀನಿ.

ಮೊದಲ ಒಂದು ಮಾತು. ಚಿಪ್ಪಿನ ರೇಟ್ ನೋಡಿ ಚಿಪ್ ಆರಿಸಬ್ಯಾಡ್ರಿ. ಚಿಪ್ ಸೋವಿ ಇರ್ತೈತಿ, ಅದರೊಳಗ ಡಿಸೈನ್ ಬರಿಯೂ ಸಾಧನ, ಅಂದ್ರ ಪ್ರೋಗ್ರಾಮರ್, ತುಟ್ಟಿ ಇರ್ತೈತಿ. ಇಲ್ಲಾ ಚಿಪ್ಪೂ ಪ್ರೋಗ್ರಾಮರೂ ಸೋವಿ ಇರ್ತಾವ, ಸಾಫ್ಟ್‌ವೇರ್ ನಿಮ್ಮ ಈಗಿನ ಲ್ಯಾಪ್‌ಟಾಪ್‌ನಾಗ ಓಡಂಗಿಲ್ಲ. ಅದಕ ಪೆನ್ನು ಪೇಪರ್ ತಗೊಂಡು ಲೆಕ್ಕ ಹಾಕೂದು ಮೊದಲು, ಆರ್ಡರ್ ಆಮ್ಯಾಲ.

ಅದಕ್ಕೂ ಮೊದಲ ಇನ್ನೊಂದು ಪ್ರಶ್ನೆ ಐತಿ: ಖರೇನ ನಿಮಗ ಪ್ರೋಗ್ರಾಮೇಬಲ್ ಲಾಜಿಕ್, ಅಂದ್ರ ಒಳಗಿನ ಗೇಟುಗಳ ಜೋಡಣಿ ನಾವ ಬರದು ಹಾಕೂ ಚಿಪ್, ಬೇಕೇನ? ಎರಡು ಮೂರು ಗೇಟಿನ ಕೆಲಸ ಇದ್ರ 74ಎಚ್‌ಸಿ ಸೀರೀಸ್ ಐಸಿ ಸಾಕು, ಅವು ಬೆಳಗಾವಿ ಮಾರ್ಕೆಟ್ಟಿನಾಗ ಕೈಗೆ ಸಿಗ್ತಾವ. ಬರೇ ಎನ್‌ಕೋಡರ್ ಎಣಿಸೂದಿದ್ರ ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಒಳಗ 8 ಪಲ್ಸ್ ಕೌಂಟರ್ ಯೂನಿಟ್ ಮೊದಲ ಅದಾವ, ಅದನ್ನ ಬಿಟ್ಟು ಸಿಪಿಎಲ್‌ಡಿ (ಪ್ರೋಗ್ರಾಮೇಬಲ್ ಲಾಜಿಕ್ ಚಿಪ್ಪಿನ ಒಂದು ಜಾತಿ) ತಗೊಳ್ಳೂದು ರೊಕ್ಕ ದಂಡ. ರಾಸ್ಪ್‌ಬೆರಿ ಪೈ ಪಿಕೋ 2021ರ ಜನವರಿಯಾಗ 4 ಡಾಲರ್‌ಗೆ ಬಂತು, ಅದರ ಒಳಗ ಪಿಐಒ ಅಂತ 8 ಸಣ್ಣ ಸ್ಟೇಟ್ ಮಷೀನ್ ಅದಾವ, ಒಂದು ಪ್ರೊಟೊಕಾಲ್ ಓದೂದು, ಪಲ್ಸ್ ಹೊರಡಸೂದು ಇಂಥಾ ಕೆಲಸಕ್ಕ ಅದು ಭಾಳ ಚಲೋ. ನಾನೂ ಮೊದಲು ಪಿಕೋ ಮ್ಯಾಲನ ಮಾಡ್ಬೇಕಂದಿದ್ದೆ. ಆದ್ರ ನನಗ ಬೇಕಾಗಿದ್ದು ಏನಂದ್ರ ಲಿಮಿಟ್ ಸ್ವಿಚ್ ಬಡಿದ್ರ ಪಲ್ಸ್ ಅದ ಕ್ಷಣಕ್ಕ ಕಟ್ ಆಗಬೇಕು, ಡಿಸ್‌ಪ್ಲೇ ಕೋಡ್ ಹ್ಯಾಂಗ್ ಆದ್ರೂ ಟೂಲ್ ಪೋಸ್ಟ್ ಹೋಗಿ ಚಕ್ಕಿಗೆ ಬಡೀಬಾರದು, ಮತ್ತ ಕರೆಂಟ್ ಹೋಗಿ ಬಂದ ಕೂಡಲೇ ಎಲ್ಲಾ ಪಿನ್ ನಾ ಹೇಳಿದ ಸ್ಥಿತಿಯಾಗ ಇರಬೇಕು. ಉದ್ಯಮಬಾಗದಾಗ ಮಧ್ಯಾಹ್ನ ಕರೆಂಟ್ ಹೆಂಗ ಆಡ್ತೈತಿ ಅಂತ ಅಲ್ಲಿ ಕೆಲಸ ಮಾಡೋರಿಗೆ ಗೊತ್ತು. ಇಂಥಾ ಕಾರಣ ಇದ್ರ ಲಾಜಿಕ್ ಚಿಪ್ ತಗೋರಿ. ಆದ್ರ ಎಮರ್ಜೆನ್ಸಿ ಸ್ಟಾಪ್ ಬಟನ್ ಯಾವ ಚಿಪ್ಪಿನ ಭರೋಸಾದ ಮ್ಯಾಲೂ ಬಿಡಬ್ಯಾಡ್ರಿ, ಅದು ನೇರ ಮೋಟರಿನ ಸಪ್ಲೈನ ಕಟ್ ಮಾಡಬೇಕು.

ಈಗ ಲೆಕ್ಕಕ್ಕ ಬರೂಣು. ಚಿಪ್ಪಿನ ಗಾತ್ರ ಅಂದ್ರ ಅದರೊಳಗ ಎಷ್ಟು ಫ್ಲಿಪ್‌ಫ್ಲಾಪ್ (ಒಂದು ಬಿಟ್ ನೆನಪಿಡೂ ಸರ್ಕಿಟ್) ಅದಾವ ಅನ್ನೂದು. ಸಿಪಿಎಲ್‌ಡಿಯಾಗ ಮ್ಯಾಕ್ರೋಸೆಲ್ ಅಂತಾರ, ಒಂದು ಮ್ಯಾಕ್ರೋಸೆಲ್ಲಿಗೆ ಒಂದು ಫ್ಲಿಪ್‌ಫ್ಲಾಪ್. ನಿಮ್ಮ ಡಿಸೈನ್‌ನಾಗ ನೆನಪಿಟ್ಟುಕೋಬೇಕಾದ ಪ್ರತಿ ಬಿಟ್ಟಿಗೂ ಒಂದೊಂದು ಎಣಸ್ರಿ. ನಂದು ಹಿಂಗಿತ್ತು. ಎನ್‌ಕೋಡರ್ 600 ಪಲ್ಸಿಂದು, ಅದರ ಎ ಮತ್ತ ಬಿ ಎರಡೂ ಸಿಗ್ನಲ್ಲಿನ ಏರು ಇಳಿತ ಎಲ್ಲಾ ಎಣಿಸಿದ್ರ ಒಂದು ಸುತ್ತಿಗೆ 2400 ಎಣಿಕಿ ಬರ್ತೈತಿ. ಹೊರಗಿಂದ ಬರೂ ಸಿಗ್ನಲ್ ಚಿಪ್ಪಿನ ಕ್ಲಾಕಿಗೆ ಹೊಂದಂಗಿಲ್ಲ, ಅದಕ ಎ ಮತ್ತ ಬಿ ಒಂದೊಂದಕ್ಕ ಎರಡು ಫ್ಲಿಪ್‌ಫ್ಲಾಪ್ ಸಿಂಕ್ ಮಾಡಾಕ, ಮತ್ತ ಹಿಂದಿನ ಸ್ಥಿತಿ ನೆನಪಿಡಾಕ ಒಂದು, ಒಟ್ಟು 6. ಸ್ಪಿಂಡಲ್ ಸರದೈತೋ ಇಲ್ಲೋ ಅಂತ ತಿಳಕೊಳ್ಳಾಕ ಈಗಿನ ಎ, ಹಿಂದಿನ ಎ, ಈಗಿನ ಬಿ, ಹಿಂದಿನ ಬಿ ನಾಲ್ಕನ್ನೂ ಎಕ್ಸ್‌ಆರ್ (1ರ ಸಂಖ್ಯೆ ಬೆಸ ಇದ್ರ 1 ಕೊಡೂ ಗೇಟು) ಮಾಡೂದು. ಯಾವ ದಿಕ್ಕಿಗೆ ಸರದೈತಿ ಅನ್ನೂದಕ್ಕ ಈಗಿನ ಎ ಮತ್ತ ಹಿಂದಿನ ಬಿ ಎರಡನ್ನ ಎಕ್ಸ್‌ಆರ್ ಮಾಡಿದ್ರ ಸಾಕು. ಇದಕ್ಕ ಫ್ಲಿಪ್‌ಫ್ಲಾಪ್ ಬೇಕಿಲ್ಲ, ಬರೇ ಗೇಟು.

ಪಲ್ಸ್ ಲೆಕ್ಕ ಹೆಂಗ ಅಂದ್ರ, ನನ್ನ ಸ್ಟೆಪ್ಪರ್ ಒಂದು ಸುತ್ತಿಗೆ 1600 ಮೈಕ್ರೋಸ್ಟೆಪ್, ಲೀಡ್‌ಸ್ಕ್ರೂ ಪಿಚ್ 4 ಎಂಎಂ, ಮೋಟರ್ ಲೀಡ್‌ಸ್ಕ್ರೂಗೆ ನೇರ ಕೂಡಸೇನಿ. 1.5 ಎಂಎಂ ಥ್ರೆಡ್ ಹಾಕಬೇಕಂದ್ರ ಸ್ಪಿಂಡಲ್ ಒಂದು ಸುತ್ತು ತಿರುಗಿದ್ರ ಲೀಡ್‌ಸ್ಕ್ರೂ 0.375 ಸುತ್ತು ತಿರಗಬೇಕು, ಅಂದ್ರ 600 ಸ್ಟೆಪ್. 2400 ಎಣಿಕಿಗೆ 600 ಸ್ಟೆಪ್ ಅಂದ್ರ ನಾಲ್ಕಕ್ಕ ಒಂದು. ಇದನ್ನ 16 ಬಿಟ್ಟಿನ ಅಕ್ಯುಮುಲೇಟರ್‌ನಾಗ ಮಾಡೂದು: ಪ್ರತಿ ಎಣಿಕಿಗೆ 16,384 ಕೂಡಸ್ಕೋತ ಹೋದ್ರ ನಾಲ್ಕನೇ ಸಲಕ್ಕ 65,536 ಆಗಿ ತುಂಬಿ ಹೊರಗ ಚೆಲ್ತೈತಿ, ಚೆಲ್ಲಿದಾಗ ಒಂದು ಸ್ಟೆಪ್. ಸ್ಪಿಂಡಲ್ ಉಲ್ಟಾ ತಿರುಗಿದ್ರ ಅಷ್ಟ ಕಳೀತೈತಿ. 1 ಎಂಎಂ ಪಿಚ್ಚಿಗೆ ಆರಕ್ಕ ಒಂದು ಬರ್ತೈತಿ, 65,536ನ್ನ ಆರರಿಂದ ಭಾಗಿಸಿದ್ರ ಪೂರ್ಣ ಸಂಖ್ಯೆ ಬರಂಗಿಲ್ಲ, 10,923 ಅಂತ ಹಾಕಿದೆ. ಅದರ ತಪ್ಪು ಎಷ್ಟು ಅಂದ್ರ 100 ಎಂಎಂ ಉದ್ದದ ಥ್ರೆಡ್ಡಿಗೆ 0.003 ಎಂಎಂ. ಕಾಕಾರ ಲೇಥಿನ ಲೀಡ್‌ಸ್ಕ್ರೂ ಸವದದ್ದ ಅದಕ್ಕಿಂತ ಭಾಳ ಜಾಸ್ತಿ ಐತಿ, ಅದಕ 24 ಬಿಟ್ ಬ್ಯಾಡ, 16 ಸಾಕು ಅಂತ ಬಿಟ್ಟೆ. ಇಂಥಾ ಜಾಗಾದಾಗ ಬಿಟ್ ಕಡಿಮಿ ಮಾಡಿದ್ರ ಚಿಪ್ ಸಣ್ಣದಾಕ್ಕೈತಿ, ರೊಕ್ಕ ಉಳೀತೈತಿ.

ಅಂದ್ರ ಅಕ್ಯುಮುಲೇಟರ್ 16, ಎಷ್ಟು ಕೂಡಸಬೇಕು ಅನ್ನೂ ನಂಬರ್ ಇಡಾಕ 16, ಆ ನಂಬರ್ ಮೈಕ್ರೋಕಂಟ್ರೋಲರ್‌ನಿಂದ ಎಸ್‌ಪಿಐ (ಒಂದೊಂದ ಬಿಟ್ ಕಳಸೂ ವೈರಿನ ದಾರಿ) ಮ್ಯಾಲ ಬರೂ ಶಿಫ್ಟ್ ರೆಜಿಸ್ಟರ್ 16, ಪಲ್ಸ್ 5 ಮೈಕ್ರೋಸೆಕೆಂಡ್ ಅಗಲ ಇರಾಕ 50 ಮೆಗಾಹರ್ಟ್ಸ್ ಕ್ಲಾಕಿಗೆ 250 ಎಣಿಸಬೇಕಲ್ಲ ಅದಕ 8, ಲಿಮಿಟ್ ಸ್ವಿಚ್ಚು ಮತ್ತಿತರ ಕಂಟ್ರೋಲ್ 10, ಮೊದಲಿಂದು 6. ಕೂಡಿದ್ರ 72. ನೋಡಿ ಖುಷಿ ಆತು, ಯಾಕಂದ್ರ ಎಕ್ಸ್‌ಸಿ9572ಎಕ್ಸ್‌ಎಲ್ ಅನ್ನೂ ಚಿಪ್ಪಿನಾಗ ಸರಿಯಾಗಿ 72 ಮ್ಯಾಕ್ರೋಸೆಲ್ ಅದಾವ, ಬರೋಬ್ಬರಿ ಕೂತಂಗಾತು ಅಂತ ತರಿಸಿಬಿಟ್ಟೆ.

ಕೂಡ್ಲಿಲ್ಲ. ಕಾರಣ ಎರಡು, ಎರಡೂ ನಿಮಗ ಉಪಯೋಗಕ್ಕ ಬರ್ತಾವ. ಒಂದು, ಹಳೆ ನಮೂನಿ ಸಿಪಿಎಲ್‌ಡಿ ಒಳಗ ಲಾಜಿಕ್ ಮಾಡೂದು ಪ್ರಾಡಕ್ಟ್ ಟರ್ಮ್‌ನಿಂದ, ಅಂದ್ರ ಆಂಡ್ ಗೇಟಿನ ಸಾಲು ಮತ್ತ ಅದರ ಮುಂದ ಆರ್ ಗೇಟು. ಅಡ್ರೆಸ್ ಡಿಕೋಡರ್, ಸ್ಟೇಟ್ ಮಷೀನ್ ಇವಕ್ಕ ಅದು ಹೇಳಿ ಮಾಡಿಸಿದಂಗ, ಆದ್ರ ಕೂಡಸೂ ಲೆಕ್ಕ, ಕಳಿಯೂ ಲೆಕ್ಕ ಬಂದ್ರ ಕ್ಯಾರಿ ಬಿಟ್‌ನಿಂದ ಬಿಟ್ಟಿಗೆ ದಾಟಬೇಕು, ಟರ್ಮ್ ಭಡಾಭಡ್ ಖಾಲಿ ಆಗಿ ಪಕ್ಕದ ಮ್ಯಾಕ್ರೋಸೆಲ್ಲಿಂದೂ ಕಸಗೊಳ್ತೈತಿ. ಎರಡನೇದು, ವರ್ಕ್‌ಶಾಪಿನಾಗ ಕೂಲಂಟ್ ಪಂಪಿನ ಕಾಂಟ್ಯಾಕ್ಟರ್ ಟಕ್ ಅಂದ್ರ ಎಣಿಕಿ ಜಿಗೀತಿತ್ತು, ಅದಕ ಒಂದು ಡಿಜಿಟಲ್ ಫಿಲ್ಟರ್ ಹಾಕಬೇಕಾತು, ಸಿಗ್ನಲ್ ಒಂದ ಸಮ ಮೂರು ಸಲ ಅದ ಇದ್ರ ಮಾತ್ರ ಒಪ್ಪಿಕೊಳ್ಳೂದು, ಅದಕ ಕ್ಲಾಕ್ ನಿಧಾನ ಮಾಡೂ ಕೌಂಟರ್ 6 ಮತ್ತ ಹೆಚ್ಚಿನ ಫ್ಲಿಪ್‌ಫ್ಲಾಪ್ 4. ಒಟ್ಟು 82 ಆತು. ಅದಕ ಪೇಪರ್ ಮ್ಯಾಲ ಎಷ್ಟು ಬರ್ತೈತೋ ಅದರ ಒಂದೂವರಿ ಪಟ್ಟು ಇರೂ ಚಿಪ್ ತಗೋರಿ, ಕೂಡಸೂ ಲೆಕ್ಕ ಜಾಸ್ತಿ ಇದ್ರ ಎರಡು ಪಟ್ಟು.

ಈಗ ಯಾವ್ಯಾವ ಚಿಪ್ ಅದಾವ ನೋಡೂಣು, ಸಣ್ಣದರಿಂದ ಸುರು ಮಾಡ್ತೀನಿ.

ಎಲ್ಲಾಕ್ಕಿಂತ ಸಣ್ಣವು ಗ್ಯಾಲ್ ಜಾತಿ. 1978ರಾಗ ಮೊನೋಲಿಥಿಕ್ ಮೆಮೊರೀಸ್ ಕಂಪನಿ ಪ್ಯಾಲ್ ತಂದಿತ್ತು, ಅದು ಒಂದ ಸಲ ಬರಿಯೂ ಚಿಪ್, ಆಮ್ಯಾಲ 1985ರಾಗ ಲ್ಯಾಟಿಸ್‌ನವರು ಅಳಿಸಿ ಬರೀಲಿಕ್ಕೆ ಬರೂ ಗ್ಯಾಲ್ ತಂದ್ರು. ಲ್ಯಾಟಿಸ್‌ನವರು ಗ್ಯಾಲ್ ಮಾಡೂದು ನಿಲ್ಲಸ್ಯಾರ, ಈಗ ಹೊಸಾದು ಬೇಕಂದ್ರ ಮೈಕ್ರೋಚಿಪ್‌ನ ಎಟಿಎಫ್16ವಿ8 ಮತ್ತ ಎಟಿಎಫ್22ವಿ10 ಕೇಳ್ರಿ. ಮೊದಲಿನದಕ್ಕ 20 ಪಿನ್, 8 ಮ್ಯಾಕ್ರೋಸೆಲ್. ಎರಡನೇದಕ್ಕ 24 ಪಿನ್, 10 ಮ್ಯಾಕ್ರೋಸೆಲ್. 5 ವೋಲ್ಟ್, ಡಿಪ್ ಪ್ಯಾಕೇಜ್, ಬ್ರೆಡ್‌ಬೋರ್ಡಿನಾಗ ನೇರ ಕೂಡ್ತಾವ. ಜಡ್80 ಇಲ್ಲಾ 8085 ಬೋರ್ಡಿಗೆ ಅಡ್ರೆಸ್ ಡಿಕೋಡರ್, ನಾಲ್ಕೈದು 74 ಸೀರೀಸ್ ಐಸಿ ಬದಲಿ ಒಂದ ಐಸಿ, ಇಂಥಾದ್ದಕ್ಕ ಇದಕ್ಕಿಂತ ಚಲೋ ಇಲ್ಲ. ಆದ್ರ ಇವಕ್ಕ ಜೆಟ್ಯಾಗ್ (ಬೋರ್ಡಿನಾಗ ಇದ್ದಂಗನ ಚಿಪ್ ಬರಿಯೂ ಕನೆಕ್ಷನ್) ಇಲ್ಲ, ಚಿಪ್ ತಗದು ಪ್ರೋಗ್ರಾಮರ್‌ನಾಗ ಇಟ್ಟು ಬರೀಬೇಕು, ಟಿಎಲ್866 ಟೂ ಪ್ಲಸ್ ಇಲ್ಲಾ ಟಿ48 ಬೇಕಾಕ್ಕೈತಿ. ಒಂದ ಗ್ಯಾಲ್ ಸಲುವಾಗಿ ಅಷ್ಟು ರೊಕ್ಕ ಹಾಕಬ್ಯಾಡ್ರಿ, ಆದ್ರ ಇಪ್ರಾಮ್ ಬರಿಯೂ ಕೆಲಸಕ್ಕ ಕಾಲೇಜ್ ಲ್ಯಾಬಿನಾಗೋ ಗೆಳೆಯಾರ ಹತ್ರಾನೋ ಅದು ಮೊದಲ ಇದ್ರ ಗ್ಯಾಲ್ ಎಲ್ಲಾಕ್ಕಿಂತ ಸೋವಿ ಬೀಳ್ತೈತಿ.

ಅದರ ಮ್ಯಾಲಿಂದು ಎಟಿಎಫ್1502ಎಎಸ್, 1504ಎಎಸ್, 1508ಎಎಸ್. ಮ್ಯಾಕ್ರೋಸೆಲ್ 32, 64, 128. ಇವೂ 5 ವೋಲ್ಟ್, ಜೆಟ್ಯಾಗ್ ಐತಿ. 1504 ತಗೊಂಡ್ರ 44 ಪಿನ್ನಿನ ಪಿಎಲ್‌ಸಿಸಿ ಪ್ಯಾಕೇಜ್ ತಗೋರಿ, ಅದರ ಸಾಕೆಟ್ಟಿನ ಕಾಲು ಸಾದಾ ತೂತಿನ ಬೋರ್ಡಿನಾಗ ಹೊಕ್ಕಾವ, ಮನ್ಯಾಗಿನ ಸೋಲ್ಡರಿಂಗ್ ಐರನ್‌ನಿಂದ ಆಕ್ಕೈತಿ. ನಿಮ್ಮ ಸೆನ್ಸರ್, ಸ್ಕೇಲು, ಆರ್ಡುಯಿನೋ ಊನೋ ಎಲ್ಲಾ 5 ವೋಲ್ಟ್ ಇದ್ರ ನಡುವ ಏನೂ ಹಾಕದ ನೇರ ಜೋಡಸಬಹುದು, ಇದು ದೊಡ್ಡ ಆಸರ. ಇಲ್ಲಿ ಒಂದು ಎಚ್ಚರಿಕಿ ಐತಿ. ಇವುಗಳ ಜೆಟ್ಯಾಗ್ ಪಿನ್ನನ್ನ ಸಾದಾ ಪಿನ್ನಾಗಿ ಬಳಸಾಕ ಬರ್ತೈತಿ, ಹಂಗ ಬಳಸಿದ ಮ್ಯಾಲ ಜೆಟ್ಯಾಗ್ ಬಂದ್. ನಾ ಒಬ್ಬ ಮಾರೋರ ಹತ್ರ ಹೊಸವು ಅಂತ ತರಿಸಿದ ಮೂರರಾಗ ಎರಡು ಕಂಪ್ಯೂಟರಿಗೆ ಕಾಣವಲ್ಲವಾದ್ವು, ಭೂತಗನ್ನಡಿ ಹಿಡದು ನೋಡಿದ್ರ ಕಾಲಿನ ಮ್ಯಾಲ ಹಳೆ ಸೀಸಾ, ಯಾವ್ದೋ ಬೋರ್ಡಿಂದ ಕಿತ್ತಿದ್ದು. ಅಂಥಾದ್ದು ಬಂದ್ರ ಒಗೀಬ್ಯಾಡ್ರಿ, ಓಇ1 ಪಿನ್ನಿಗೆ 12 ವೋಲ್ಟ್ ಕೊಟ್ಟು ಅಳಿಸಿದ್ರ ಜೆಟ್ಯಾಗ್ ತಿರುಗಿ ಬರ್ತೈತಿ.

ನಾ ಮೊದಲು ತಗೊಂಡ ಎಕ್ಸ್‌ಸಿ9572ಎಕ್ಸ್‌ಎಲ್, ಅದರ ತಮ್ಮ 36 ಮ್ಯಾಕ್ರೋಸೆಲ್ಲಿನ 9536ಎಕ್ಸ್‌ಎಲ್, ಇವು ಚಲೋ ಚಿಪ್ಪ, 3.3 ವೋಲ್ಟಿನಾಗ ಓಡ್ತಾವ, ಪಿನ್ನಿಗೆ 5 ವೋಲ್ಟ್ ಬಂದ್ರೂ ತಡಕೊಳ್ತಾವ. ಆದ್ರ ಸಾಫ್ಟ್‌ವೇರ್ ಐಎಸ್‌ಇ 14.7, 2013ರ ಮ್ಯಾಲ ಅದಕ್ಕ ಹೊಸಾ ವರ್ಷನ್ ಇಲ್ಲ, ವಿಂಡೋಸ್ 10ಕ್ಕ ಅಂತ ಕೊಟ್ಟಿದ್ದು ಸ್ಪಾರ್ಟನ್ 6 ಅನ್ನೂ ಬ್ಯಾರೆ ಚಿಪ್ಪಿಗೆ ಅಷ್ಟ. ಮ್ಯಾಲಾಗಿ 2024ರಾಗ ಇವುಗಳ ಕಂಪನಿ ಎಎಂಡಿಯವರು (ಮೊದಲಿನ ಜೈಲಿಂಕ್ಸ್) ಈ ಚಿಪ್ ಬಂದ್ ಮಾಡ್ತೀವಿ ಅಂತ ಹೇಳ್ಯಾರ. ಡ್ರಾದಾಗ ಮೊದಲ ಇದ್ರ ಬಳಸ್ರಿ, ಹೊಸಾ ಪ್ರಾಜೆಕ್ಟಿಗೆ ಅಂತ ತಗೋಬ್ಯಾಡ್ರಿ.

ಕಡೀಕ ನಾ ಬಂದು ನಿಂತಿದ್ದು ಇಪಿಎಂ240 ಮ್ಯಾಲ. ಆಲ್ಟೆರಾದ ಮ್ಯಾಕ್ಸ್ ಟೂ ಮನಿತನದ್ದು, 2004ರಾಗ ಬಂದದ್ದು. ಹೆಸರಿಗೆ ಸಿಪಿಎಲ್‌ಡಿ, ಆದ್ರ ಒಳಗ ಎಫ್‌ಪಿಜಿಎ (ಸಿಪಿಎಲ್‌ಡಿಕ್ಕಿಂತ ದೊಡ್ಡ ಜಾತಿಯ ಪ್ರೋಗ್ರಾಮೇಬಲ್ ಚಿಪ್) ಹಂಗ ಲುಕ್‌ಅಪ್ ಟೇಬಲ್ಲು (ಉತ್ತರ ಮೊದಲ ಬರದಿಟ್ಟ ಸಣ್ಣ ಪಟ್ಟಿ), 240 ಲಾಜಿಕ್ ಎಲಿಮೆಂಟು, ಕ್ಯಾರಿ ದಾಟಾಕ ಬ್ಯಾರೆ ದಾರೀನ ಐತಿ, ಅದಕ ಕೂಡಸೂ ಲೆಕ್ಕಕ್ಕ ಜಾಗ ಜಾಸ್ತಿ ತಿನ್ನಂಗಿಲ್ಲ. ಅದ 82 ಫ್ಲಿಪ್‌ಫ್ಲಾಪಿನ ಡಿಸೈನ್ ಇದರಾಗ ಹಾಕಿದ್ರ ಸುಮಾರು ಅರ್ಧ ಚಿಪ್ ಇನ್ನೂ ಖಾಲಿ ಉಳೀತು. ಫ್ಲ್ಯಾಶ್ ಒಳಗ ಐತಿ, ಕರೆಂಟ್ ಬಂದ ಕೂಡಲೇ ಎದ್ದು ನಿಲ್ತೈತಿ. ಸಾಫ್ಟ್‌ವೇರ್ ಕ್ವಾರ್ಟಸ್ ಪ್ರೈಮ್ ಲೈಟ್, ಪುಕಟ, ಈಗಿನ ವಿಂಡೋಸ್‌ನಾಗ ಓಡ್ತೈತಿ. ಹಳೆ ಮ್ಯಾಕ್ಸ್ 7000 ಮತ್ತ 3000ಎ ತಗೊಂಡಿದ್ರ ಮಾತ್ರ ಕ್ವಾರ್ಟಸ್ 13.0 ಸರ್ವಿಸ್ ಪ್ಯಾಕ್ 1 ಬೇಕು, ಅದರ ಮುಂದಿನ ವರ್ಷನ್‌ನಾಗ ಅವು ಇಲ್ಲ. ಇಪಿಎಂ240 ಬಿಡಿ ಚಿಪ್ ತಗೋಬ್ಯಾಡ್ರಿ, 100 ಕಾಲು, ಕಾಲಿಂದ ಕಾಲಿಗೆ ಅರ್ಧ ಎಂಎಂ, ಕೈಯಿಂದ ಸೋಲ್ಡರ್ ಮಾಡೂದು ಎಲ್ಲಾರಿಗೂ ಆಗೂ ಮಾತಲ್ಲ. ರೆಡಿ ಬೋರ್ಡ್ ಬರ್ತಾವ, ಹೆಚ್ಚಿನವುದರಾಗ 50 ಮೆಗಾಹರ್ಟ್ಸ್ ಕ್ಲಾಕು, 3.3 ವೋಲ್ಟ್ ರೆಗ್ಯುಲೇಟರು, ಜೆಟ್ಯಾಗ್ ಕನೆಕ್ಟರ್ ಎಲ್ಲಾ ಇರ್ತೈತಿ. ಯುಎಸ್‌ಬಿ ಬ್ಲಾಸ್ಟರ್ ಅನ್ನೂ ಪ್ರೋಗ್ರಾಮರ್ ಒಂದು ಕೂಡ ತಗೋರಿ.

ಎಫ್‌ಪಿಜಿಎ ಬೇಕಾಗೂದು ಯಾವಾಗ? ವಿಡಿಯೋ ಹೊರಡಸೂದು, ಆಡಿಯೋ ಫಿಲ್ಟರ್, ಒಂದು ಸಣ್ಣ ಪ್ರೊಸೆಸರ್ ನೀವ ಬರಿಯೂದು, ಇಂಥಾ ಸಾವಿರಗಟ್ಲೆ ಲಾಜಿಕ್ ಸೆಲ್ ಮತ್ತ ಒಳಗ ಮೆಮೊರಿ ಬೇಡೂ ಕೆಲಸಕ್ಕ. ವಿಟಿಯು ಎಚ್‌ಡಿಎಲ್ ಲ್ಯಾಬಿನಾಗ ವೆರಿಲಾಗ್ ಬರದೋರಿಗೆ ಮನ್ಯಾಗ ಮುಂದುವರಸಾಕ ಟ್ಯಾಂಗ್ ನ್ಯಾನೋ 9ಕೆ ಬೋರ್ಡ್ ನನ್ನ ಮಟ್ಟಿಗೆ ಮೊದಲನೇ ಹೆಸರು. ಗೋವಿನ್ ಕಂಪನಿಯ ಚಿಪ್ಪು, 8640 ಲುಕ್‌ಅಪ್ ಟೇಬಲ್, 27 ಮೆಗಾಹರ್ಟ್ಸ್ ಕ್ಲಾಕು, ಪ್ರೋಗ್ರಾಮರ್ ಬೋರ್ಡಿನ ಮ್ಯಾಲನ ಐತಿ, ಯುಎಸ್‌ಬಿ ಕೇಬಲ್ ಒಂದಿದ್ರ ಆತು. ಆದ್ರ ಅದರ ಕೆಲವು ಪಿನ್ 1.8 ವೋಲ್ಟಿನವು, ವೈರ್ ಚುಚ್ಚೂಕಿಂತ ಮೊದಲು ಬೋರ್ಡಿನ ನಕ್ಷಾ ನೋಡ್ರಿ. ಲ್ಯಾಟಿಸ್‌ನ ಐಸ್40 ಚಿಪ್ಪುಗಳಿಗೆ ಯೋಸಿಸ್, ನೆಕ್ಸ್ಟ್‌ಪಿಎನ್‌ಆರ್ ಅಂತ ಪೂರ್ತಿ ಓಪನ್ ಸೋರ್ಸ್ ಟೂಲ್ ಅದಾವ, ಹಳೆ ಲ್ಯಾಪ್‌ಟಾಪಿನಾಗೂ ಹಗುರ ಓಡ್ತಾವ, ಲೈಸೆನ್ಸ್ ರಗಳಿ ಇಲ್ಲ. ಐಸ್40ಯುಪಿ5ಕೆ ಅನ್ನೂದರಾಗ 5280 ಲುಕ್‌ಅಪ್ ಟೇಬಲ್, 48 ಪಿನ್ನಿನ ಪ್ಯಾಕೇಜು, 39 ಪಿನ್ ನಿಮ್ಮ ಕೈಗೆ. ಸ್ವಂತ ಪಿಸಿಬಿ ಮಾಡಸಾಕ ಹೊಂಟ್ರ ಇದಕ್ಕ ಒಳಗ 1.2 ವೋಲ್ಟು, ಹೊರಗ 3.3 ವೋಲ್ಟು, ಮತ್ತ ಬಾಜೂಕ ಒಂದು ಫ್ಲ್ಯಾಶ್ ಚಿಪ್ ಬೇಕು ಅನ್ನೂದು ಖರ್ಚಿನಾಗ ಹಿಡೀರಿ.

ವೋಲ್ಟೇಜಿನ ಮಾತು ಬಂತು. ಚಿಪ್ ಸುಡೂದು ಹೆಚ್ಚಿನ ಸಲ ಇಲ್ಲೇನ. ಇಪಿಎಂ240 ಪಿನ್ನಿಗೆ 5 ವೋಲ್ಟ್ ಕೊಡಬಾರದು. ನನ್ನ ಎನ್‌ಕೋಡರ್ 5ರಿಂದ 24 ವೋಲ್ಟಿಂದು, ಹಂಗಾರ ಲೆವೆಲ್ ಶಿಫ್ಟರ್ (ಸಿಗ್ನಲ್ಲಿನ ವೋಲ್ಟೇಜ್ ಹೊಂದಸೂ ಐಸಿ) ಬೇಕಲ್ಲ ಅಂತ ತರಿಸಾಕ ಹೊಂಟಿದ್ದೆ, ಆಮ್ಯಾಲ ಡೇಟಾಶೀಟ್ ನೋಡಿದ್ರ ಅದರ ಔಟ್‌ಪುಟ್ ಎನ್‌ಪಿಎನ್ ಓಪನ್ ಕಲೆಕ್ಟರ್. ಅಂದ್ರ ಅದು ವೈರನ್ನ ಗ್ರೌಂಡಿಗೆ ಎಳೀತೈತಿ ಇಲ್ಲಾ ಬಿಡ್ತೈತಿ, ಮ್ಯಾಲ ಎಷ್ಟು ವೋಲ್ಟ್ ಅನ್ನೂದು ನೀವು ಪುಲ್‌ಅಪ್ ರೆಸಿಸ್ಟರ್ ಎಲ್ಲಿಗೆ ಕಟ್ತೀರಿ ಅದರ ಮ್ಯಾಲ. ಎನ್‌ಕೋಡರ್‌ಗೆ 5 ವೋಲ್ಟ್ ಸಪ್ಲೈ ಕೊಟ್ಟು ಪುಲ್‌ಅಪ್ 3.3ಕ್ಕ ಕಟ್ಟಿದೆ, ಶಿಫ್ಟರ್ ಖರ್ಚು ಉಳೀತು. ಒಳಗ ಮೊದಲ ಪುಲ್‌ಅಪ್ ಇರೂ ಎನ್‌ಕೋಡರೂ ಇರ್ತಾವ, ಅದಕ ಚಿಪ್ಪಿಗೆ ಹಚ್ಚೂಕಿಂತ ಮೊದಲು ಮೀಟರ್ ಹಿಡದು ನೋಡ್ರಿ. 10 ಕಿಲೋ ಓಮ್ ಬದಲಿ 1 ಕಿಲೋ ಓಮ್ ಹಾಕ್ರಿ, ಲೇಥಿನ ಬಾಜೂಕ ಉದ್ದ ಕೇಬಲ್ ಇದ್ರ ನಾಯ್ಸ್ ಕಡಿಮಿ ಆಕ್ಕೈತಿ, ನಡುವ 3.3 ವೋಲ್ಟಿನ ಮ್ಯಾಲ ಒಂದು 74ಎಚ್‌ಸಿ14 ಇಟ್ರ ಇನ್ನೂ ಚಲೋ. ಲೇಥಿಗೆ ಹಚ್ಚೂ ಗಾಜಿನ ಸ್ಕೇಲುಗಳ ಔಟ್‌ಪುಟ್ ಹೆಚ್ಚಾಗಿ 5 ವೋಲ್ಟ್ ಟಿಟಿಎಲ್, ಅಲ್ಲಿ ಈ ಉಪಾಯ ನಡಿಯಂಗಿಲ್ಲ, 3.3 ವೋಲ್ಟ್ ಸಪ್ಲೈ ಕೊಟ್ಟ 74ಎಲ್‌ವಿಸಿ245 ಹಾಕ್ರಿ, ಅದರ ಇನ್‌ಪುಟ್ 5 ವೋಲ್ಟ್ ತಡೀತೈತಿ. ಸ್ಟೆಪ್ಪರ್ ಡ್ರೈವರ್ ಕಡೆ ಉಲ್ಟಾ ತೊಂದ್ರಿ, ಅದಕ್ಕ 5 ವೋಲ್ಟ್ ಬೇಕು, ಒಳಗ ಆಪ್ಟೋಕಪ್ಲರ್ ಇರ್ತೈತಿ. ಅದರ ಪ್ಲಸ್ಸನ್ನ 5 ವೋಲ್ಟಿಗೆ ಕಟ್ಟಿ ಮೈನಸ್ಸನ್ನ ಒಂದು ಯುಎಲ್‌ಎನ್2003 ಮೂಲಕ ಎಳದ್ರ ಕೆಲಸ ಆಕ್ಕೈತಿ, ಅದು ಎಲ್ಲಾ ಕಡೆ ಸಿಗೂ ಐಸಿ.

ಖರ್ಚಿನ ಪಟ್ಟಿ ಬರಿಯೂವಾಗ ಚಿಪ್ಪಿನ ಜೋಡಿ ಪ್ರೋಗ್ರಾಮರ್, ಬೋರ್ಡು ಇಲ್ಲಾ ಸಾಕೆಟ್ಟು, ವೋಲ್ಟೇಜ್ ಹೊಂದಸೂ ಐಸಿ, ಕೊರಿಯರ್, ಜಿಎಸ್‌ಟಿ, ಹೊರದೇಶದಿಂದ ತರಸಾಕ ಹೊಂಟ್ರ ಕಸ್ಟಮ್ಸ್ ಎಲ್ಲಾ ಒಂದ ಸಾಲಿನಾಗ ಬರೀರಿ. ನಾಲ್ಕು ಗೆಳೆಯಾರು ಕೂಡಿ ಒಂದ ಆರ್ಡರ್ ಮಾಡಿದ್ರ ಕೊರಿಯರ್ ಹಂಚಿಹೋಕ್ಕೈತಿ, ಪ್ರೋಗ್ರಾಮರ್ ಅಂತೂ ನಾಲ್ಕು ಮಂದಿಗೆ ಒಂದ ಸಾಕು. ಮುಂಬೈ ಲ್ಯಾಮಿಂಗ್ಟನ್ ರೋಡಿಗೋ ಬೆಂಗಳೂರು ಎಸ್‌ಪಿ ರೋಡಿಗೋ ಹೋಗೋರು ಯಾರರ ಇದ್ರ ಚಿಪ್ಪಿನ ಪೂರ್ತಿ ನಂಬರ್ ಚೀಟಿ ಮ್ಯಾಲ ಬರದು ಕೊಡ್ರಿ, ಕಡೀ ಅಕ್ಷರ ತನಕ, ಯಾಕಂದ್ರ ಪ್ಯಾಕೇಜ್ ಯಾವ್ದು, ಸ್ಪೀಡ್ ಎಷ್ಟು ಅನ್ನೂದು ಆ ಕಡೀ ಅಕ್ಷರದಾಗನ ಇರ್ತೈತಿ.

ಚಿಪ್ಪೋ ಬೋರ್ಡೋ ಕೈಗೆ ಬಂದ ದಿನಾನ ಟೆಸ್ಟ್ ಮಾಡ್ರಿ, ವಾಪಸ್ ಕೊಡೂ ದಿನ ಮುಗಿದ ಮ್ಯಾಲ ಡಬ್ಬಿ ತಗೀಬ್ಯಾಡ್ರಿ. ಮೊದಲು ಸಪ್ಲೈ ಪಿನ್ನಿಗೆ 3.3 ಬರ್ತೈತೇನ ಮೀಟರ್‌ನಿಂದ ನೋಡ್ರಿ, ಆಮ್ಯಾಲ ಬ್ಲಾಸ್ಟರ್ ಹಚ್ಚಿ ಕ್ವಾರ್ಟಸ್ ಪ್ರೋಗ್ರಾಮರ್‌ನಾಗ ಆಟೋ ಡಿಟೆಕ್ಟ್ ಒತ್ರಿ, ಚಿಪ್ಪಿನ ಮ್ಯಾಲ ಬರದ ಹೆಸರೂ ಅಲ್ಲಿ ಬರೂ ಹೆಸರೂ ಒಂದ ಇರಬೇಕು. ಆಮ್ಯಾಲ 50 ಮೆಗಾಹರ್ಟ್ಸ್ ಕ್ಲಾಕ್ ಇಳಿಸಿ ಒಂದು ಎಲ್‌ಇಡಿ ಸೆಕೆಂಡಿಗೊಮ್ಮೆ ಮಿಂಚಿಸ್ರಿ, ಅಷ್ಟಾದ್ರ ಕ್ಲಾಕು, ಫ್ಲ್ಯಾಶು, ಕೇಬಲ್ಲು, ಸಾಫ್ಟ್‌ವೇರ್ ನಾಲ್ಕೂ ಸರಿ ಅದಾವ ಅಂತ ಗೊತ್ತಾಕ್ಕೈತಿ. ಸ್ವಂತ ಬೋರ್ಡಿನಾಗ ಪ್ರತಿ ಸಪ್ಲೈ ಪಿನ್ನಿನ ಹತ್ರ ಒಂದೊಂದು 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಬಿಡಬ್ಯಾಡ್ರಿ, ಜೆಟ್ಯಾಗ್ ಪಿನ್ನು ಕೈಗೆ ಸಿಗೂ ಹಂಗ ಹೊರಗ ಇಡ್ರಿ. ಒಂದರ ಬದಲಿ ಎರಡು ಬೋರ್ಡ್ ತಗೋರಿ. ಕಾಕಾರ ಲೇಥಿನ ಪ್ಯಾನೆಲ್ ಒಳಗ ನಾ ಎರಡನೇ ಬೋರ್ಡಿಗೂ ಅದ ಪ್ರೋಗ್ರಾಮ್ ಬರದು ಪ್ಲಾಸ್ಟಿಕ್ ಚೀಲದಾಗ ಹಾಕಿ ಬಾಗಲಿಗೆ ಟೇಪ್ ಹಚ್ಚೇನಿ, ಜೋಡಿ ಒಂದು ಚೀಟಿ: ಕ್ವಾರ್ಟಸ್ ವರ್ಷನ್ ಯಾವ್ದು, ಯಾವ ಪಿನ್ನಿಗೆ ಯಾವ ಬಣ್ಣದ ವೈರು, 1 ಎಂಎಂಗೆ 10,923, 1.5ಕ್ಕ 16,384.